ಹದಿನೈದು ಸೆಕೆಂಡಿಗೆ ಹದಿನಾರು ಬಡಿತ: ಸವಾರಿ ಕುದುರೆಯ ಹೃದಯವನ್ನು ಕಡಿಮೆ ಖರ್ಚಿನಲ್ಲಿ ಅಳೆಯುವ ಬಗೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಅಂಕಲಿಯಿಂದ ಪ್ರತಿವರ್ಷ ಎರಡು ಕುದುರೆಗಳು ಕಾಲ್ನಡಿಗೆಯಲ್ಲಿ ಪುಣೆ ಸಮೀಪದ ಆಳಂದಿಗೆ ಹೊರಡುತ್ತವೆ. ದಾರಿ ಸುಮಾರು 300 ಕಿಲೋಮೀಟರು. ಅಲ್ಲಿಂದ ಸಂತ ಜ್ಞಾನೇಶ್ವರರ ಪಾಲಖಿಯ ಜೊತೆಗೂಡಿ, ಸೊಲ್ಲಾಪುರ ಜಿಲ್ಲೆಯನ್ನು ಹಾಯ್ದು, ಆಷಾಢ ಏಕಾದಶಿಯ ಹೊತ್ತಿಗೆ ಪಂಢರಪುರವನ್ನು ಸೇರುತ್ತವೆ. ಒಂದರ ಮೇಲೆ ಧ್ವಜ ಹಿಡಿದ ಸವಾರನಿರುತ್ತಾನೆ. ಇನ್ನೊಂದು ಮಾವುಲಿಯ ಕುದುರೆ, ಅದನ್ನು ಮನುಷ್ಯರು ಯಾರೂ ಏರುವುದಿಲ್ಲ. ದಾರಿಯುದ್ದಕ್ಕೂ ನಡೆಯುವ ರಿಂಗಣದಲ್ಲಿ ಈ ಕುದುರೆಗಳು ವೃತ್ತಾಕಾರವಾಗಿ ಓಡುವುದನ್ನು ನೋಡಲು ಲಕ್ಷಾಂತರ ಜನ ಸೇರುತ್ತಾರೆ.

ಗಡಿಯಾಚೆಯ ಕನ್ನಡ ಊರುಗಳಿಗೆ ಕುದುರೆ ಅಪರಿಚಿತ ಪ್ರಾಣಿಯಲ್ಲ. ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನ ಕುದುರೆ ಸಂತೆ ಹೆಸರಾದದ್ದು. ಭೀಮಾ ತೀರಕ್ಕೆ ಭೀಮಥಡಿ ಎಂಬ ತನ್ನದೇ ತಳಿಯುಂಟು. ಮದುವೆಯ ಮೆರವಣಿಗೆಗೆ, ಜಾತ್ರೆಗೆ, ಟಾಂಗಾ ಗಾಡಿಗೆ ಕುದುರೆ ಸಾಕಿ ಬದುಕುವ ಮನೆಗಳು ಆ ಭಾಗದಲ್ಲಿ ಇಂದಿಗೂ ಇವೆ. ನೀಲಗಿರಿಯ ಊಟಿಯಲ್ಲಿ ಪ್ರವಾಸಿಗರನ್ನು ಹೊರುವ ಮಟ್ಟಸ ಕುದುರೆಗಳು ಹಲವರ ಅನ್ನದ ದಾರಿಯಾಗಿವೆ. ಇಂಥ ಮನೆಗಳಲ್ಲಿ ಕುದುರೆಯೊಂದು ಕುಸಿದುಬಿದ್ದರೆ ಆ ವರ್ಷದ ಆದಾಯವೇ ಕುಸಿಯುತ್ತದೆ. ಮಕ್ಕಳ ಓದಿಗೂ ಅದರ ಪೆಟ್ಟು ತಟ್ಟುತ್ತದೆ.

ಕುದುರೆ ತನ್ನ ದಣಿವನ್ನು ಬೇಗ ತೋರಿಸಿಕೊಳ್ಳದ ಪ್ರಾಣಿ. ಬೇಟೆಗೆ ಸಿಗದಂತೆ ಹಿಂಡಿನೊಡನೆ ಓಡಿ ಬದುಕಿದ ಜೀವಿಗೆ ನಿಃಶಕ್ತಿಯನ್ನು ಮರೆಮಾಚುವುದು ಸ್ವಭಾವ. ಕಿವಿ ಜೋತುಬಿದ್ದು, ಹೆಜ್ಜೆ ತಡವರಿಸುವ ಹೊತ್ತಿಗೆ ತಡವಾಗಿರುತ್ತದೆ. ಆದರೆ ಅದರ ಹೃದಯ ಮರೆಮಾಚುವುದಿಲ್ಲ. ಆ ಬಡಿತವನ್ನು ಎಣಿಸಲು ದುಬಾರಿ ಯಂತ್ರ ಬೇಕೆಂಬ ಭಾವನೆ ಹಲವರಲ್ಲಿದೆ. ಹಾಗೇನೂ ಇಲ್ಲ. ಸೆಕೆಂಡಿನ ಮುಳ್ಳಿರುವ ಗಡಿಯಾರ, ಕೆಲವು ನೂರು ರೂಪಾಯಿಯ ಸ್ಟೆತೊಸ್ಕೋಪು, ಮಗ್ಗಿ ಬಲ್ಲ ಒಂದು ಮಗು, ಇಷ್ಟಿದ್ದರೆ ಬಹುಪಾಲು ಕೆಲಸ ಆಗುತ್ತದೆ. ಸವಾರಿ ನಡೆಯುತ್ತಿರುವಾಗಲೇ ಅಳೆಯಬೇಕೆಂದರೆ ಮನುಷ್ಯರ ವ್ಯಾಯಾಮಕ್ಕೆಂದು ಮಾರುವ ಎದೆಪಟ್ಟಿಯನ್ನೇ ಬಳಸಬಹುದು. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಹೃದಯ ಹೇಳುವ ಲೆಕ್ಕ

ಕುದುರೆಯ ಹೃದಯದ ತೂಕ ಅದರ ದೇಹತೂಕದ ನೂರರಲ್ಲಿ ಒಂದು ಪಾಲಿನಷ್ಟು. 400 ಕಿಲೋ ತೂಗುವ ಕುದುರೆಯ ಹೃದಯ ಸುಮಾರು 4 ಕಿಲೋ ಇರುತ್ತದೆ. ದೊಡ್ಡ ಪಂಪು ನಿಧಾನವಾಗಿ ಕೆಲಸಮಾಡುತ್ತದೆ. ಆದ್ದರಿಂದಲೇ ವಿಶ್ರಾಂತಿಯಲ್ಲಿರುವ ಕುದುರೆಯ ಹೃದಯ ನಮ್ಮ ಹೃದಯದ ಅರ್ಧದಷ್ಟು ವೇಗದಲ್ಲಿ ಬಡಿಯುತ್ತದೆ. ಒಂದು ಬಡಿತಕ್ಕೆ ಅದು ಸರಿಸುಮಾರು ಒಂದು ಲೀಟರ್ ರಕ್ತವನ್ನು ಹೊರದೂಡುತ್ತದೆ. ನಿಮಿಷಕ್ಕೆ 36 ಬಡಿತವಾದರೆ 36 ಲೀಟರ್. ಅದೇ ಕುದುರೆ ನಾಗಾಲೋಟದಲ್ಲಿ 220 ಬಡಿತಕ್ಕೇರಿದರೆ ನಿಮಿಷಕ್ಕೆ 220 ಲೀಟರಿಗೂ ಮಿಗಿಲು. ಮನುಷ್ಯನಲ್ಲಿ 70 ಬಡಿತಕ್ಕೆ 5 ಲೀಟರ್ ಎಂಬ ಪಾಠದ ಲೆಕ್ಕದ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಮಕ್ಕಳಿಗೆ ಕುದುರೆಯ ಬಲದ ಗುಟ್ಟು ತಿಳಿಯುತ್ತದೆ.

ಇನ್ನೊಂದು ಗುಟ್ಟು ಗುಲ್ಮದಲ್ಲಿದೆ. ಕುದುರೆಯ ಗುಲ್ಮ ಕೆಂಪು ರಕ್ತಕಣಗಳ ದೊಡ್ಡ ದಾಸ್ತಾನು. ಓಟ ಶುರುವಾದೊಡನೆ ಅದು ಸಂಕುಚಿಸಿ ಆ ಕಣಗಳನ್ನು ರಕ್ತಕ್ಕೆ ಬಿಡುತ್ತದೆ. ವಿಶ್ರಾಂತಿಯಲ್ಲಿ ರಕ್ತದ ಶೇ. 40ರ ಆಸುಪಾಸಿನಲ್ಲಿದ್ದ ಕಣಗಳ ಪ್ರಮಾಣ ಜೋರು ಓಟದಲ್ಲಿ ಶೇ. 60ನ್ನೂ ದಾಟಬಲ್ಲುದು. ದಣಿಯುವವರೆಗೂ ಕುದುರೆ ಹುಮ್ಮಸ್ಸಿನಲ್ಲೇ ಕಾಣುವುದಕ್ಕೆ ಇಂಥ ಶಕ್ತಿಯೂ ಕಾರಣ.

ಬೆಳೆದ ಆರೋಗ್ಯವಂತ ಕುದುರೆಯ ಬಡಿತದ ಸ್ಥೂಲ ಅಂಕೆಗಳು ಹೀಗಿವೆ:

- ಲಾಯದಲ್ಲಿ ಶಾಂತವಾಗಿ ನಿಂತಿರುವಾಗ: ನಿಮಿಷಕ್ಕೆ 28ರಿಂದ 44
- ನಡಿಗೆಯಲ್ಲಿ: 60ರಿಂದ 80
- ದುಡಕಿ ಓಟದಲ್ಲಿ, ಅಂದರೆ ಕುಕ್ಕುಲೋಟದಲ್ಲಿ: 110ರಿಂದ 140
- ಹಗುರವಾಗಿ ನೆಗೆಯುತ್ತ ಓಡುವಾಗ: 140ರಿಂದ 180
- ಪೂರ್ಣ ನಾಗಾಲೋಟದಲ್ಲಿ: 200ಕ್ಕೂ ಮೇಲೆ, ಗರಿಷ್ಠ 220ರಿಂದ 240

ಮರಿಗಳಲ್ಲಿ ವಿಶ್ರಾಂತಿಯ ಬಡಿತವೇ ಇದಕ್ಕಿಂತ ಬಹಳ ಹೆಚ್ಚಿರುತ್ತದೆ. ಮಟ್ಟಸ ಕುದುರೆಗಳಲ್ಲಿ ತುಸು ಹೆಚ್ಚು. ಬಿಸಿಲು, ಏರುದಾರಿ, ಮರಳುನೆಲ, ಸವಾರನ ಭಾರ ಇವೆಲ್ಲ ಅಂಕೆಯನ್ನು ಏರಿಸುತ್ತವೆ. ಆದ್ದರಿಂದ ಪಟ್ಟಿಯ ಅಂಕೆಗಿಂತ ನಿಮ್ಮ ಕುದುರೆಯ ದಿನನಿತ್ಯದ ಅಂಕೆಯೇ ಹೆಚ್ಚು ಬೆಲೆಯುಳ್ಳದ್ದು. ದಿನವೂ 34 ಇರುವ ಕುದುರೆ ಒಂದು ಬೆಳಿಗ್ಗೆ ಕಾರಣವಿಲ್ಲದೆ 48 ತೋರಿಸಿದರೆ, ಅಂದು ಅದನ್ನು ಕೆಲಸಕ್ಕೆ ಕಟ್ಟುವ ಮುನ್ನ ಎರಡು ಸಲ ಯೋಚಿಸಬೇಕು.

ಖರ್ಚಿಲ್ಲದ ಸಾಧನ: ಬೆರಳು

ಕುದುರೆಯ ಕೆಳದವಡೆಯ ಎಲುಬಿನ ಒಳಅಂಚಿನಲ್ಲಿ ಒಂದು ಧಮನಿ ಹಾಯ್ದುಹೋಗುತ್ತದೆ. ಬೆರಳಾಡಿಸಿದರೆ ಪೆನ್ಸಿಲಿನ ದಪ್ಪದ ಹುರಿಯಂತೆ ಜಾರುತ್ತದೆ. ಅದನ್ನು ಎಲುಬಿಗೆ ಮೆತ್ತಗೆ ಒತ್ತಿದರೆ ನಾಡಿ ಸಿಗುತ್ತದೆ. ತೋರುಬೆರಳು, ನಡುಬೆರಳು ಬಳಸಬೇಕು. ಹೆಬ್ಬೆರಳಿಗೆ ತನ್ನದೇ ನಾಡಿಯಿರುವುದರಿಂದ ಲೆಕ್ಕ ತಪ್ಪುತ್ತದೆ. ಜೋರಾಗಿ ಅದುಮಿದರೂ ನಾಡಿ ಮಾಯವಾಗುತ್ತದೆ.

ಈ ವಿಧಾನ ಲಾಯದಲ್ಲಿ, ಸವಾರಿಗೆ ಮುನ್ನ, ಕುದುರೆ ತಲೆ ಅಲುಗಿಸದೆ ನಿಂತಾಗ ಚೆನ್ನ. ಓಡಿಬಂದು ಏದುಸಿರು ಬಿಡುತ್ತಿರುವ ಕುದುರೆಯ ದವಡೆಯಲ್ಲಿ ನಾಡಿ ಹಿಡಿಯುವುದು ಕಷ್ಟ. ಅದು ತಲೆ ಆಡಿಸುತ್ತದೆ, ಲಗಾಮು ಕಚ್ಚುತ್ತದೆ, ಅಷ್ಟರಲ್ಲಿ ಅಮೂಲ್ಯವಾದ ಮೊದಲ ನಿಮಿಷ ಕಳೆದುಹೋಗಿರುತ್ತದೆ. ಅಲ್ಲಿಗೆ ಕಿವಿಯ ಸಾಧನವೇ ಬೇಕು.

ಕೆಲವು ನೂರು ರೂಪಾಯಿಯ ಸಾಧನ: ಸ್ಟೆತೊಸ್ಕೋಪು

1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಇಟ್ಟು ಕೇಳಿದ್ದೇ ಈ ಸಾಧನದ ಮೂಲ. ಮನುಷ್ಯರಿಗೆಂದು ಔಷಧದ ಅಂಗಡಿಯಲ್ಲಿ ಸಿಗುವ ಸಾಧಾರಣ ಸ್ಟೆತೊಸ್ಕೋಪು ಕುದುರೆಗೂ ಸಾಕಾಗುತ್ತದೆ. ಎಡಗಡೆ ನಿಂತು, ಮುಂಗಾಲಿನ ಮೊಣಕೈ ಕೀಲಿನ ಹಿಂದೆ, ಜೀನು ಬಿಗಿಯುವ ಹೊಟ್ಟೆಪಟ್ಟಿ ಹಾಯುವ ಜಾಗದಲ್ಲಿ ಅದರ ಬಿಲ್ಲೆಯನ್ನು ತುಸು ಮುಂದಕ್ಕೆ, ಮೊಣಕೈಯ ಒಳಗೆ ತೂರಿಸಿ ಒತ್ತಬೇಕು. 'ಲಬ್-ಡಬ್' ಎಂಬ ಜೋಡಿ ಸದ್ದು ಕೇಳಿಸುತ್ತದೆ. ಈ ಎರಡು ಸದ್ದು ಸೇರಿ ಒಂದು ಬಡಿತ. ಎರಡನ್ನೂ ಬೇರೆಬೇರೆ ಎಣಿಸಿದರೆ 36 ಎಂಬುದು 72 ಆಗಿಬಿಡುತ್ತದೆ. ಮಕ್ಕಳಿಗೆ ಮೊದಲು ಹೇಳಿಕೊಡಬೇಕಾದದ್ದು ಇದೇ.

15 ಸೆಕೆಂಡು ಎಣಿಸಿ 4ರಿಂದ ಗುಣಿಸಿದರೆ ನಿಮಿಷದ ಬಡಿತ ಸಿಗುತ್ತದೆ. ಆದರೆ 15 ಸೆಕೆಂಡಿನಲ್ಲಿ ಒಂದು ಬಡಿತ ತಪ್ಪಿದರೂ ಉತ್ತರದಲ್ಲಿ 4ರ ವ್ಯತ್ಯಾಸವಾಗುತ್ತದೆ. ವಿಶ್ರಾಂತಿಯ ಬಡಿತ ನಿಧಾನವಾದದ್ದು, ಅವಸರವೂ ಇಲ್ಲ. ಅದನ್ನು ಪೂರ್ತಿ ಒಂದು ನಿಮಿಷ ಎಣಿಸುವುದು ಲೇಸು. ಸವಾರಿ ನಿಲ್ಲಿಸಿದ ತಕ್ಷಣದ ಬಡಿತ ಕ್ಷಣಕ್ಷಣಕ್ಕೂ ಇಳಿಯುತ್ತಿರುತ್ತದೆ. ಅದನ್ನು 15 ಸೆಕೆಂಡಿನಲ್ಲೇ ಎಣಿಸಿ ಮುಗಿಸಬೇಕು. ಹೊತ್ತಿಗೆ ತಕ್ಕ ಎಣಿಕೆ ಎಂಬುದು ಇಲ್ಲಿಯೂ ಸಲ್ಲುತ್ತದೆ.

ವಿಶ್ರಾಂತಿಯಲ್ಲಿರುವ ಒಳ್ಳೆಯ ಕುದುರೆಯಲ್ಲಿ ಮೂರು ನಾಲ್ಕು ಬಡಿತಕ್ಕೊಮ್ಮೆ ಒಂದು ಬಡಿತ ತಪ್ಪಿದಂತೆ ಕೇಳಿಸುವುದುಂಟು. ಇದರಿಂದ ಗಾಬರಿಯಾಗಬೇಕಿಲ್ಲ. ಪಳಗಿದ ಕುದುರೆಗಳಲ್ಲಿ ಇದು ಸಹಜ. ನಾಲ್ಕು ಹೆಜ್ಜೆ ಓಡಿಸಿದೊಡನೆ ಮಾಯವಾಗಿ ಬಡಿತ ಕ್ರಮಬದ್ಧವಾಗುತ್ತದೆ. ಓಡಿಸಿದ ಮೇಲೂ ಬಡಿತ ಅಡ್ಡಾದಿಡ್ಡಿಯಾಗಿದ್ದರೆ ಮಾತ್ರ ಪಶುವೈದ್ಯರಿಗೆ ತೋರಿಸಬೇಕು.

ಒಂದು ಎಚ್ಚರಿಕೆ: ಮಕ್ಕಳು ಈ ಕೆಲಸವನ್ನು ಒಬ್ಬರೇ ಮಾಡಕೂಡದು. ದೊಡ್ಡವರೊಬ್ಬರು ಕುದುರೆಯ ಮುಂದೆ ನಿಂತು ಹಗ್ಗ ಹಿಡಿದಿರಬೇಕು. ಎಣಿಸುವವರು ಅದರ ಎಡಹೆಗಲಿನ ಪಕ್ಕ ನಿಲ್ಲಬೇಕು. ಹಿಂಗಾಲಿನ ಹತ್ತಿರ ಸುಳಿಯಬಾರದು, ಕೆಳಗೆ ಕುಳಿತುಕೊಳ್ಳಬಾರದು.

ಸವಾರಿ ನಡೆಯುತ್ತಿರುವಾಗ: ಮನುಷ್ಯರ ಎದೆಪಟ್ಟಿ

ಓಡುತ್ತಿರುವ ಕುದುರೆಗೆ ಸ್ಟೆತೊಸ್ಕೋಪು ಹಿಡಿಯಲಾಗದು. ಹೃದಯ ಪ್ರತಿಸಲ ಬಡಿಯುವಾಗಲೂ ಚರ್ಮದ ಮೇಲೆ ಅತಿ ಸಣ್ಣ ವಿದ್ಯುತ್ ವ್ಯತ್ಯಾಸ ಉಂಟಾಗುತ್ತದೆ. ಅದನ್ನು ಎರಡು ಕಡೆಯಿಂದ ಹಿಡಿದು ತಂತಿಯಿಲ್ಲದೆ ಗಡಿಯಾರಕ್ಕೋ ಮೊಬೈಲಿಗೋ ಕಳಿಸುವುದೇ ಎದೆಪಟ್ಟಿಯ ಕೆಲಸ. ಫಿನ್ಲೆಂಡಿನಲ್ಲಿ 1977ರಲ್ಲಿ ಸ್ಥಾಪನೆಯಾದ ಪೋಲಾರ್ ಸಂಸ್ಥೆ 1982ರಲ್ಲಿ ಇಂಥ ತಂತಿರಹಿತ ಸಾಧನವನ್ನು ಕ್ರೀಡಾಪಟುಗಳಿಗಾಗಿ ಮಾರುಕಟ್ಟೆಗೆ ತಂದಿತು. ಕುದುರೆಗೆಂದೇ ತಯಾರಿಸಿದ ಸಾಧನಗಳೂ ಇವೆ, ಆದರೆ ಬೆಲೆ ಬಹಳ. ಅವುಗಳ ಒಳಗಿನ ತತ್ತ್ವ ಮನುಷ್ಯರ ಪಟ್ಟಿಯದೇ. ಬ್ಲೂಟೂತ್ ಇರುವ ಸಾಧಾರಣ ಎದೆಪಟ್ಟಿ ಇಂದು ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಒಂದೇ ಊರಿನ ನಾಲ್ಕೈದು ಕುದುರೆ ಸಾಕಣೆದಾರರು ಸೇರಿ ಒಂದನ್ನು ಕೊಂಡರೆ ಭಾರವಾಗದು.

ಮನುಷ್ಯರ ಪಟ್ಟಿ ಕುದುರೆಯ ಎದೆಯನ್ನು ಸುತ್ತಲಾರದು. ಸುತ್ತಬೇಕಾಗಿಯೂ ಇಲ್ಲ. ವಿದ್ಯುತ್ ಹಿಡಿಯುವ ಎರಡು ಮೆತ್ತನೆಯ ಭಾಗಗಳಷ್ಟೇ ಮುಖ್ಯ. ಕ್ರಮ ಇಂತಿದೆ:

1. ಎಡ ಮೊಣಕೈಯ ಹಿಂದಿನ ಕೂದಲನ್ನು ನೀರಿನಿಂದ ಚರ್ಮ ಮುಟ್ಟುವವರೆಗೆ ತೋಯಿಸಬೇಕು. ಚಿಟಿಕೆ ಉಪ್ಪು ಹಾಕಿದ ನೀರು ಇನ್ನೂ ಒಳ್ಳೆಯದು. ಸ್ಕ್ಯಾನಿಂಗ್ ಮಾಡುವಾಗ ಹಚ್ಚುವ ಜೆಲ್ ಸಿಕ್ಕರೆ ಅದು ಬೇಗ ಒಣಗದು.
2. ಪಟ್ಟಿಯ ಮೆತ್ತನೆಯ ಭಾಗವನ್ನು ಮೇಲಿನಿಂದ ಕೆಳಕ್ಕೆ, ಪಕ್ಕೆಲುಬಿನಿಂದ ಎದೆಯ ಕೆಳಭಾಗದ ಕಡೆಗೆ ಉದ್ದುದ್ದ ಇಡಬೇಕು. ಒಂದು ತುದಿ ಮೇಲೆ, ಇನ್ನೊಂದು ಮೊಣಕೈಯ ಮಟ್ಟದಲ್ಲಿ ಬರಬೇಕು.
3. ಜೀನಿನ ಹೊಟ್ಟೆಪಟ್ಟಿಯನ್ನು ಅದರ ಮೇಲೆ ಹಾಯಿಸಿ ಬಿಗಿಯಬೇಕು, ಅಥವಾ ಅಗಲವಾದ ಇಲಾಸ್ಟಿಕ್ ಪಟ್ಟಿಯೊಂದನ್ನು ಎದೆಯ ಸುತ್ತ ಬೇರೆಯಾಗಿ ಕಟ್ಟಬೇಕು.
4. ಗಟ್ಟಿಯಾದ ಪ್ಲಾಸ್ಟಿಕ್ ಗುಂಡಿ, ಅಂದರೆ ಸಂಕೇತ ಕಳಿಸುವ ಭಾಗ, ಬಕಲಿನ ಅಡಿಗಾಗಲಿ ಸವಾರನ ಕಾಲಿನ ಅಡಿಗಾಗಲಿ ಬರಬಾರದು. ಬಂದರೆ ಒತ್ತಿ ಹುಣ್ಣಾಗುತ್ತದೆ.
5. ಮೊಬೈಲನ್ನು ಜೀನಿನ ಎಡಗಡೆಯ ಚೀಲದಲ್ಲಿಡಬೇಕು. ಬ್ಲೂಟೂತ್ ಸಂಕೇತವನ್ನು ದೇಹದ ನೀರಿನಂಶ ಹೀರಿಕೊಳ್ಳುತ್ತದೆ. ಬಲಗಡೆ ಇಟ್ಟರೆ ನಡುವೆ ಇಡೀ ಕುದುರೆ ಅಡ್ಡ ಬರುತ್ತದೆ.

ಪಟ್ಟಿಯ ಗುಂಡಿಯನ್ನು ಬಿಡಿಸಿ ತೆಗೆಯಬಹುದಾದ ಮಾದರಿಯಾದರೆ ಇನ್ನೊಂದು ಅನುಕೂಲವಿದೆ. ಚಿಟಕಿ ಗುಂಡಿ ಹಚ್ಚಿದ ಎರಡು ತಂತಿಗಳನ್ನು ಅದಕ್ಕೆ ಜೋಡಿಸಿ, ತಂತಿಯ ತುದಿಗಳಿಗೆ ವಿದ್ಯುತ್ ಹರಿಯಬಲ್ಲ ಬಟ್ಟೆಯ ತುಂಡು ಹೊಲಿದರೆ, ಒಂದನ್ನು ಜೀನಿನ ಮುಂಭಾಗದ ಅಡಿ ಎಡಹೆಗಲಿನ ದಿಣ್ಣೆಯ ಕೆಳಗೆ, ಇನ್ನೊಂದನ್ನು ಹೊಟ್ಟೆಪಟ್ಟಿಯ ಅಡಿ ಮೊಣಕೈಯ ಹಿಂದೆ ಇಡಬಹುದು. ಹೃದಯ ಈ ಎರಡರ ನಡುವೆ ಬರುವುದರಿಂದ ಸಂಕೇತ ಬಲವಾಗಿರುತ್ತದೆ. ಕುದುರೆಗೆಂದೇ ತಯಾರಾದ ದುಬಾರಿ ಸಾಧನಗಳಲ್ಲಿಯೂ ಜೋಡಣೆ ಹೀಗೆಯೇ ಇರುತ್ತದೆ.

ಪ್ರೌಢಶಾಲೆಯ ವಿಜ್ಞಾನ ಮೇಳಕ್ಕೆ ಮಾದರಿ ಬೇಕೆನ್ನುವವರು ಎಡಿ8232 ಎಂಬ ಚಿಕ್ಕ ಹಲಗೆಯನ್ನು ಆರ್ಡುಯಿನೋಗೆ ಜೋಡಿಸಿ ಹೃದಯದ ವಿದ್ಯುತ್ ಅಲೆಯನ್ನೇ ಪರದೆಯ ಮೇಲೆ ಕಾಣಬಹುದು. ನಿಂತ ಕುದುರೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಓಡುವಾಗ ಸ್ನಾಯುಗಳ ವಿದ್ಯುತ್ ಸೇರಿಕೊಂಡು ಅಲೆ ಕಲಸಿಹೋಗುತ್ತದೆ. ಇಂಥ ಪ್ರಯೋಗ ಬ್ಯಾಟರಿಯಿಂದ ಮಾತ್ರ ನಡೆಯಬೇಕು. ಗೋಡೆಯ ಪ್ಲಗ್ಗಿಗೆ ಸೇರಿದ ಚಾರ್ಜರಿಗಾಗಲಿ, ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪಿಗಾಗಲಿ ಜೋಡಿಸಿದ ತಂತಿಯನ್ನು ಪ್ರಾಣಿಗೂ ಮನುಷ್ಯರಿಗೂ ತಾಗಿಸಕೂಡದು.

ಕೈಗಡಿಯಾರದ ಹಿಂಬದಿಯಲ್ಲಿ ಹಸಿರು ಬೆಳಕು ಮಿನುಗಿಸಿ ನಾಡಿ ಅಳೆಯುವ ಸ್ಮಾರ್ಟ್ ವಾಚುಗಳಿಗೆ ಹಣ ಹಾಕುವುದು ಬೇಡ. ಬೆಳಕು ಚರ್ಮದೊಳಗೆ ಹೋಗಿ ಮರಳಬೇಕು. ಕುದುರೆಯ ಮೈಗೂದಲು, ಕಪ್ಪು ಚರ್ಮ, ಓಟದ ಕುಲುಕಾಟ ಮೂರೂ ಅದನ್ನು ಕೆಡಿಸುತ್ತವೆ.

ಯಂತ್ರ ತಪ್ಪು ಹೇಳುವ ಸಂದರ್ಭಗಳು

ಪರದೆಯ ಮೇಲೆ ಕಂಡದ್ದೆಲ್ಲ ನಿಜವಲ್ಲ. ಕುದುರೆಯ ಹೃದಯದ ವಿದ್ಯುತ್ ಅಲೆಯಲ್ಲಿ ಬಡಿತದ ಮುಖ್ಯ ಶಿಖರದ ನಂತರ ಬರುವ ಇನ್ನೊಂದು ಅಲೆಯೂ ದೊಡ್ಡದಾಗಿರುತ್ತದೆ. ಮನುಷ್ಯರಿಗೆಂದು ಮಾಡಿದ ಯಂತ್ರ ಕೆಲವೊಮ್ಮೆ ಎರಡನ್ನೂ ಬಡಿತವೆಂದೇ ಎಣಿಸಿ ದುಪ್ಪಟ್ಟು ತೋರಿಸುತ್ತದೆ. ಕೂದಲು ಒಣಗಿದರೆ ಸಂಕೇತ ತಪ್ಪಿ ಅಂಕೆ ಒಮ್ಮೆಲೇ 40ಕ್ಕೆ ಇಳಿಯಬಹುದು, ಇಲ್ಲವೆ ಸೊನ್ನೆಯಾಗಬಹುದು. ಪಟ್ಟಿ ಸಡಿಲವಾದರೆ ಹೃದಯದ ಬದಲು ಹೆಜ್ಜೆಯ ಕುಲುಕಾಟವೇ ದಾಖಲಾಗುತ್ತದೆ.

ಪರಿಹಾರ ಸರಳ. ಸವಾರಿಗೆ ಮುನ್ನ ಪಟ್ಟಿ ಕಟ್ಟಿ, ಸ್ಟೆತೊಸ್ಕೋಪಿನಿಂದ ಒಂದು ನಿಮಿಷ ಎಣಿಸಿ, ಎರಡನ್ನೂ ಹೋಲಿಸಬೇಕು. ಕಿವಿಯಲ್ಲಿ 36, ಪರದೆಯಲ್ಲಿ 72 ಎಂದಾದರೆ ಪಟ್ಟಿಯ ಜಾಗವನ್ನು ತುಸು ಮೇಲೆಕೆಳಗೆ ಸರಿಸಿ ಮತ್ತೆ ನೋಡಬೇಕು. ಕಿವಿಯೂ ಯಂತ್ರವೂ ಒಪ್ಪಿದ ಮೇಲೆಯೇ ಜೀನು ಏರಬೇಕು. ಸವಾರಿಯಲ್ಲಿ ಕ್ಷಣದ ಏರಿಳಿತವನ್ನು ಗಮನಿಸುತ್ತ ಕೂರಬಾರದು. ದಾರಿ ನೋಡುವುದು ಮೊದಲು, ಪರದೆ ನೋಡುವುದು ಆಮೇಲೆ. ಬಹುತೇಕ ಆ್ಯಪುಗಳು ಇಡೀ ಸವಾರಿಯ ಅಂಕೆಗಳನ್ನು ಉಳಿಸಿಡುತ್ತವೆ. ಇಳಿದ ಮೇಲೆ ನೆರಳಲ್ಲಿ ಕುಳಿತು ನೋಡಬಹುದು.

ಭಯದಿಂದಲೂ ಬಡಿತ ಏರುತ್ತದೆ ಎಂಬುದನ್ನು ನೆನಪಿಡಬೇಕು. ಮದುವೆಯ ಬ್ಯಾಂಡು, ಪಟಾಕಿ, ಡಿಜೆ ಸದ್ದಿಗೆ ನಿಂತಲ್ಲೇ ನಿಂತ ಕುದುರೆಯ ಬಡಿತ 100ನ್ನು ದಾಟಬಲ್ಲುದು. ಗದ್ದಲದಿಂದ ದೂರ ಕರೆದೊಯ್ದಾಗ ಒಂದೆರಡು ನಿಮಿಷದಲ್ಲಿ ಇಳಿದರೆ ಅದು ಭಯ. ಇಳಿಯದಿದ್ದರೆ ದಣಿವು ಅಥವಾ ನೋವು. ಈ ವ್ಯತ್ಯಾಸವನ್ನು ಗುರುತಿಸುವುದರಲ್ಲಿಯೇ ಎಣಿಕೆಯ ಸಾರ್ಥಕತೆಯಿದೆ.

ಏರಿದ ಎತ್ತರಕ್ಕಿಂತ ಇಳಿಯುವ ವೇಗ ಮುಖ್ಯ

ಇಲ್ಲಿಯವರೆಗೆ ಅಳೆಯುವ ಬಗೆಯನ್ನು ನೋಡಿದೆವು. ಅಳೆದ ಅಂಕೆಯಲ್ಲಿ ಯಾವುದು ಕುದುರೆಯ ಪ್ರಾಣ ಉಳಿಸುತ್ತದೆ? ಓಡುವಾಗ ಬಡಿತ ಎಷ್ಟಕ್ಕೇರಿತು ಎನ್ನುವುದಕ್ಕಿಂತ, ನಿಂತ ಮೇಲೆ ಎಷ್ಟು ಬೇಗ ಇಳಿಯಿತು ಎನ್ನುವುದೇ ಹೆಚ್ಚು ಹೇಳುತ್ತದೆ. ಹಾಗಾಗಿ ಎದೆಪಟ್ಟಿ ಕೊಳ್ಳಲಾಗದವರು ಕಳೆದುಕೊಳ್ಳುವುದು ಬಹಳವಿಲ್ಲ.

ದೂರದ ಓಟದ ಸ್ಪರ್ಧೆಗಳು ಈ ಪಾಠವನ್ನು ನಿಯಮವಾಗಿಯೇ ಮಾಡಿಕೊಂಡಿವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಿಂದ ನಡೆಯುತ್ತಿರುವ ಟೆವಿಸ್ ಕಪ್ ಸ್ಪರ್ಧೆಯಲ್ಲಿ ಕುದುರೆಗಳು ಬೆಟ್ಟಗಳ ನಡುವೆ 100 ಮೈಲಿ ದಾರಿಯನ್ನು 24 ಗಂಟೆಯೊಳಗೆ ಕ್ರಮಿಸುತ್ತವೆ. ಇಂಥ ಸ್ಪರ್ಧೆಗಳಲ್ಲಿ ದಾರಿಯ ನಡುನಡುವೆ ಪಶುವೈದ್ಯರ ತಪಾಸಣೆ ಕಡ್ಡಾಯ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ ನಿಯಮಗಳಲ್ಲಿ ಬಂದಿರುವ ಸಾಮಾನ್ಯ ಮಿತಿ ನಿಮಿಷಕ್ಕೆ 64. ನಿಗದಿತ ಅವಧಿಯೊಳಗೆ, ಅಂದರೆ ಸುಮಾರು 15ರಿಂದ 20 ನಿಮಿಷದಲ್ಲಿ, ಬಡಿತ 64ಕ್ಕೆ ಇಳಿಯದ ಕುದುರೆ ಎಷ್ಟೇ ಮುಂದಿದ್ದರೂ ಸ್ಪರ್ಧೆಯಿಂದ ಹೊರಗೆ. ಗೆಲುವು ಸವಾರನ ಅವಸರಕ್ಕೆ ಬಿಟ್ಟದ್ದಲ್ಲ, ಕುದುರೆಯ ಹೃದಯಕ್ಕೆ ಬಿಟ್ಟದ್ದು.

64 ಎಂದರೆ 15 ಸೆಕೆಂಡಿಗೆ 16 ಬಡಿತ. 'ಹದಿನೈದಕ್ಕೆ ಹದಿನಾರು' ಎಂಬ ಈ ಒಂದು ಮಾತನ್ನು ಮನೆಯವರೆಲ್ಲರೂ ಬಾಯಿಪಾಠ ಮಾಡಿಕೊಂಡರೆ ಸಾಕು. ಕೆಲಸ ನಿಲ್ಲಿಸಿದ 15 ನಿಮಿಷಕ್ಕೆ 15 ಸೆಕೆಂಡು ಎಣಿಸಬೇಕು. 16 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕುದುರೆ ಚೇತರಿಸಿಕೊಳ್ಳುತ್ತಿದೆ. 16ಕ್ಕಿಂತ ಹೆಚ್ಚಿದ್ದರೆ ಮುಂದಿನ ಸವಾರಿ ಬೇಡ.

ಅಮೆರಿಕದ ಪಶುವೈದ್ಯ ಕೆರಿ ರಿಜ್ವೇ ರೂಪಿಸಿದ ಇನ್ನೊಂದು ಪರೀಕ್ಷೆಗೂ ಖರ್ಚಿಲ್ಲ. ವಿಶ್ರಾಂತಿಯಿಂದ ಬಡಿತ ಇಳಿದ ಮೇಲೆ ಒಮ್ಮೆ ಎಣಿಸಿಕೊಳ್ಳಬೇಕು. ಅನಂತರ ಕುದುರೆಯನ್ನು ಕೈಯಲ್ಲಿ ಹಿಡಿದು 125 ಅಡಿ ದೂರ, ಅಂದರೆ ಸುಮಾರು 38 ಮೀಟರ್, ದುಡಕಿಯಲ್ಲಿ ಓಡಿಸಿಕೊಂಡು ಹೋಗಿ ಹಾಗೆಯೇ ಮರಳಿ ಬರಬೇಕು. ಓಟ ಶುರುಮಾಡಿದ ಕ್ಷಣದಿಂದ ಒಂದು ನಿಮಿಷ ತುಂಬಿದಾಗ ಮತ್ತೆ ಎಣಿಸಬೇಕು. ಎರಡನೆಯ ಅಂಕೆ ಮೊದಲಿನಷ್ಟೇ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕುದುರೆಯಲ್ಲಿ ಇನ್ನೂ ಕಸುವಿದೆ. ನಾಲ್ಕಕ್ಕಿಂತ ಹೆಚ್ಚು ಏರಿದ್ದರೆ ಹೊರಗಿನಿಂದ ಕಾಣದ ದಣಿವೋ ನೋವೋ ಇದೆಯೆಂದು ತಿಳಿಯಬೇಕು. ಶಾಲೆಯ ಮೈದಾನವೊಂದರ ಅಳತೆಯಲ್ಲಿ ಮಾಡಬಹುದಾದ ಪರೀಕ್ಷೆಯಿದು.

ಬಡಿತ ಇಳಿಯದಿದ್ದರೆ

ಕೂಡಲೇ ಕೆಳಗಿಳಿಯಬೇಕು. ಹೊಟ್ಟೆಪಟ್ಟಿ ಸಡಿಲಿಸಿ ಜೀನು ತೆಗೆದು, ಕುದುರೆಯನ್ನು ನೆರಳಿಗೂ ಗಾಳಿಗೂ ತರಬೇಕು. ಮೈತುಂಬ ತಣ್ಣೀರು ಸುರಿಯುತ್ತಲೇ ಇರಬೇಕು. ಬಿಸಿಯಾದ ಕುದುರೆಗೆ ತಣ್ಣೀರು ಸುರಿದರೆ ಮೈ ಹಿಡಿದುಕೊಳ್ಳುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. 1996ರ ಅಟ್ಲಾಂಟಾ ಒಲಿಂಪಿಕ್ಸಿನ ಸೆಕೆಯನ್ನು ಎದುರಿಸಲು ನಡೆದ ಅಧ್ಯಯನಗಳು ತಣ್ಣೀರು ಅಪಾಯಕಾರಿಯಲ್ಲ, ಮೈಬಿಸಿ ಇಳಿಸಲು ಅದೇ ಉತ್ತಮ ಉಪಾಯ ಎಂದು ತೋರಿಸಿಕೊಟ್ಟವು. ಕುಡಿಯಲು ನೀರನ್ನು ತಡೆಯಬಾರದು.

ಬಡಿತದ ಜೊತೆಗೆ ಇನ್ನೂ ಮೂರನ್ನು ನೋಡಬಹುದು. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ವಿಶ್ರಾಂತಿಯಲ್ಲಿ ಉಸಿರು ನಿಮಿಷಕ್ಕೆ 8ರಿಂದ 16 ಇರಬೇಕು. ಗುದದ್ವಾರದಲ್ಲಿ ಅಳೆದ ಉಷ್ಣತೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಸಹಜ. ಕೆಲಸದ ನಂತರ 40ನ್ನು ದಾಟಿ ಇಳಿಯದೆ ನಿಂತರೆ ಅಪಾಯ. ಹೃದಯದ ಪ್ರತಿ ಬಡಿತಕ್ಕೂ ಪಕ್ಕೆಗಳು ಬಿಕ್ಕಳಿಕೆಯಂತೆ ಅದುರುತ್ತಿದ್ದರೆ ಬೆವರಿನಲ್ಲಿ ಲವಣಗಳು ಹರಿದುಹೋಗಿವೆ ಎಂದರ್ಥ. ಆಗ ಪಶುವೈದ್ಯರನ್ನು ಕರೆಸಲೇಬೇಕು. ಯಾವ ಕೆಲಸವೂ ಇಲ್ಲದೆ ನಿಂತ ಕುದುರೆಯಲ್ಲಿ ಬಡಿತ 60ನ್ನು ದಾಟಿದರೆ ಹೊಟ್ಟೆಶೂಲೆಯಂಥ ನೋವಿರಬಹುದು. 80ಕ್ಕೇರಿದರೆ ಗಂಭೀರ ಸ್ಥಿತಿ. ಹಲವು ರಾಜ್ಯಗಳಲ್ಲಿ 1962 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನ ದೊರೆಯುತ್ತದೆ. ಮನುಷ್ಯರ ನೋವಿನ ಗುಳಿಗೆಯನ್ನು ಕುದುರೆಗೆ ಕೊಡಬಾರದು.

ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗೆಗಿನ 1965ರ ಕೇಂದ್ರ ನಿಯಮಗಳನ್ನೂ ಪಾಲಕರು ತಿಳಿದಿರಬೇಕು. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ಅವುಗಳಿಂದ ದುಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ಮೀರುವ ಪ್ರದೇಶದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸುವಂತಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಬೇಸಿಗೆಯಲ್ಲಿ ಈ ಕೊನೆಯ ನಿಯಮ ದಿನವೂ ಅನ್ವಯಿಸುವಂಥದು.

ನೋಟ್‌ಬುಕ್ಕು ಮತ್ತು ನಮ್ಮ ಭಾಷೆ

ಎಣಿಸಿದ್ದನ್ನು ಬರೆದಿಡದಿದ್ದರೆ ಎಣಿಕೆ ವ್ಯರ್ಥ. ಎರಡು ಗೆರೆಯ ಹಳೆಯ ನೋಟ್‌ಬುಕ್ಕೊಂದು ಸಾಕು. ದಿನಾಂಕ, ಬೆಳಗಿನ ಬಡಿತ, ಕೆಲಸದ ಬಗೆ ಮತ್ತು ಅವಧಿ, ಬಿಸಿಲೋ ಮೋಡವೋ, ನಿಲ್ಲಿಸಿದ ತಕ್ಷಣದ ಬಡಿತ, 5, 10, 15 ನಿಮಿಷದ ನಂತರದ ಬಡಿತ ಎಂಬ ಸಾಲುಗಳಿರಲಿ. ತಿಂಗಳ ಕೊನೆಗೆ ಮಗು ಈ ಅಂಕೆಗಳಿಂದ ರೇಖಾನಕ್ಷೆ ಬರೆದರೆ ಕುದುರೆಯ ಕಸುವು ಹೆಚ್ಚುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಒಂದೇ ದಾರಿ, ಒಂದೇ ವೇಗ, ಬಡಿತ ಮಾತ್ರ ವಾರದಿಂದ ವಾರಕ್ಕೆ ಏರುತ್ತಿದ್ದರೆ ಲಾಳದಲ್ಲೋ ಕಾಲಿನಲ್ಲೋ ಮೇವಿನಲ್ಲೋ ಏನೋ ಕೊರತೆಯಿದೆ. ಹಿರಿಯ ಪ್ರಾಥಮಿಕ ತರಗತಿಯ ಸರಾಸರಿ, ಗುಣಾಕಾರ, ರಕ್ತಪರಿಚಲನೆಯ ಪಾಠಗಳಿಗೆ ಇದಕ್ಕಿಂತ ಜೀವಂತ ಉದಾಹರಣೆ ಸಿಗಲಾರದು.

ಗಡಿನಾಡ ಕನ್ನಡಿಗರಿಗೆ ಈ ನೋಟ್‌ಬುಕ್ಕಿನಿಂದ ಇನ್ನೊಂದು ಉಪಯೋಗವೂ ಇದೆ. ನಮ್ಮ ಪಶು ದವಾಖಾನೆಯ ವೈದ್ಯರು ಮರಾಠಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಮಾತನಾಡುತ್ತಾರೆ. 'ಕುದುರೆ ಸಪ್ಪಗಿದೆ' ಎಂಬ ಮಾತು ಭಾಷೆ ದಾಟುವಾಗ ಅರ್ಧ ಕಳೆದುಹೋಗಬಹುದು. ಬೆಳಿಗ್ಗೆ 52, ನಿನ್ನೆ 36, ಓಟದ ನಂತರ 15 ನಿಮಿಷಕ್ಕೆ 76 ಎಂಬ ಅಂಕೆಗಳು ಯಾವ ಭಾಷೆಯ ವೈದ್ಯರಿಗೂ ಪೂರ್ತಿ ತಲುಪುತ್ತವೆ. ಆದರೆ ಆ ಅಂಕೆಯ ಅರ್ಥವನ್ನು ಮಗು ಮೊದಲು ತಿಳಿಯುವುದು ತನ್ನ ಮಾತಿನಲ್ಲಿಯೇ. ಕನ್ನಡ ಶಾಲೆಯಲ್ಲಿ ಕಲಿತರೆ ವಿಜ್ಞಾನ ಬಾರದು ಎನ್ನುವವರಿಗೆ ನಾವು ಕೊಡಬಹುದಾದ ಉತ್ತರ ವಾದದಲ್ಲಿಲ್ಲ, ಇಂಥ ಕೆಲಸದಲ್ಲಿದೆ.

ಆರಂಭಕ್ಕೆ ಪಟ್ಟಿಯೂ ಬೇಡ, ಆ್ಯಪೂ ಬೇಡ. ನಾಳೆ ಬೆಳಿಗ್ಗೆ, ಮೇವು ಹಾಕುವ ಮುನ್ನ, ಲಾಯದಲ್ಲಿ ಶಾಂತವಾಗಿ ನಿಂತ ಕುದುರೆಯ ಬಡಿತವನ್ನು ಒಂದು ನಿಮಿಷ ಎಣಿಸಿ ಮೊದಲ ಪುಟದಲ್ಲಿ ಬರೆಯಿರಿ. ಹೀಗೆ ಏಳು ದಿನ ಬರೆದರೆ ಅದರ ಸರಾಸರಿಯೇ ನಿಮ್ಮ ಕುದುರೆಯ ಸ್ವಂತ ಅಂಕೆ. ಮುಂದಿನ ಎಲ್ಲ ಅಂಕೆಗಳನ್ನೂ ಅದರೊಡನೆ ಹೋಲಿಸಿಯೇ ನೋಡಬೇಕು.